ಮನೆಯಿಲ್ಲದ ಮೇಯರ್ ಸಾವಿರ ಮನೆಗಳ ಬೀಗದಕೈ ಕೊಟ್ಟರು: ಜೊರ್ಜೊ ಲಾ ಪೀರಾ

ನವೆಂಬರ್ ತಿಂಗಳು ಬಂತೆಂದರೆ ನಾವು ನಮ್ಮ ಅಗಲಿದವರ ಸಮಾಧಿಗಳ ಮೇಲೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುತ್ತೇವೆ. ಇದೇ ತಿಂಗಳ 5ರಂದು, 1977ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಅಲ್ಲಿನ ಮಾಜಿ ಮೇಯರ್ ಒಬ್ಬರು ದೈವಾಧೀನರಾದರು. ಅವರು ಮದುವೆಯಾಗಿರಲಿಲ್ಲ. ಸ್ವಂತ ಮನೆ ಮಾಡಿಕೊಂಡಿರಲಿಲ್ಲ. ಧರ್ಮಗುರುವೂ ಆಗಿರಲಿಲ್ಲ. ಕೈಗೆ ಬಂದ ಸಂಬಳ ಬಡವರ ಪಾಲಾಗುತ್ತಿತ್ತು. ಆದರೂ ಅವರು ಬಿಟ್ಟುಹೋದ ಆಸ್ತಿ ದೊಡ್ಡದು. ಅದು ಆರ್ನೊ ನದಿಯ ದಡದಲ್ಲಿ ಇಂದಿಗೂ ಜನರಿಂದ ತುಂಬಿರುವ ಒಂದು ಬಡಾವಣೆ, ಮತ್ತೆ ಕಟ್ಟಿದ ಸೇತುವೆಗಳು, ಮುಚ್ಚದೆ ಉಳಿದ ಒಂದು ಕಾರ್ಖಾನೆ.

ಅವರೇ ಜೊರ್ಜೊ ಲಾ ಪೀರಾ. ಬೆಳೆಯುತ್ತಿರುವ ನಗರದಲ್ಲಿ ಒಬ್ಬ ಶ್ರೀಸಾಮಾನ್ಯ ಕ್ರೈಸ್ತ ವಿಶ್ವಾಸಿ ಏನು ಮಾಡಬಲ್ಲ ಎಂಬುದಕ್ಕೆ ಅವರ ಜೀವನ ಒಂದು ಉತ್ತರ.

ಭೂಕಂಪದ ನಗರದಲ್ಲಿ ಶಾಲಾದಿನಗಳು

ಲಾ ಪೀರಾ ಹುಟ್ಟಿದ್ದು 1904ರ ಜನವರಿ 9ರಂದು, ಸಿಸಿಲಿ ದ್ವೀಪದ ಕಡಲತಡಿಯ ಊರಾದ ಪೊಜ್ಜಾಲ್ಲೊದಲ್ಲಿ. ಆರು ಮಕ್ಕಳಲ್ಲಿ ಅವರೇ ಹಿರಿಯರು. ಹತ್ತನೆಯ ವಯಸ್ಸಿನಲ್ಲಿ ಓದಿಗಾಗಿ ಮೆಸ್ಸಿನಾ ನಗರದಲ್ಲಿದ್ದ ಸೋದರಮಾವನ ಮನೆ ಸೇರಿದರು. 1908ರ ಡಿಸೆಂಬರ್ 28ರ ಭೂಕಂಪದಲ್ಲಿ ನೆಲಸಮವಾಗಿ ಸಾವಿರಾರು ಜನರನ್ನು ಕಳೆದುಕೊಂಡ ನಗರವದು. ಬಾಲಕ ಲಾ ಪೀರಾ ಅಲ್ಲಿಗೆ ಹೋದಾಗಲೂ ಬಹಳಷ್ಟು ಜನ ತಾತ್ಕಾಲಿಕ ಶೆಡ್ಡುಗಳಲ್ಲೇ ಬದುಕುತ್ತಿದ್ದರು. ಮನೆ ಕಳೆದುಕೊಂಡವರ ಪಾಡನ್ನು ಅವರು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ.

ಯೌವನದಲ್ಲಿ ಅವರ ವಿಶ್ವಾಸ ಅಷ್ಟೇನೂ ಗಟ್ಟಿಯಾಗಿರಲಿಲ್ಲ. 1924ರ ಪಾಸ್ಖ ಹಬ್ಬದಂದು ಅದು ಬದಲಾಯಿತು. ಅಂದು ಸ್ವೀಕರಿಸಿದ ಪರಮಪ್ರಸಾದವು ತಮ್ಮ ಬದುಕಿನ ದಿಕ್ಕನ್ನೇ ತಿರುಗಿಸಿತು ಎಂಬುದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಮುಂದೆ ಅವರು ಸಂತ ದೊಮಿನಿಕರ ಸಭೆಯ ಶ್ರೀಸಾಮಾನ್ಯರ ಶಾಖೆಗೆ ಸೇರಿದರು. ಬ್ರಹ್ಮಚಾರಿಯಾಗಿ, ಆದರೆ ಲೋಕದ ನಡುವೆಯೇ ಬದುಕಲು ನಿರ್ಧರಿಸಿದರು.

ಬಡವರ ಬಲಿಪೂಜೆ

ಕಾನೂನು ಓದುತ್ತಿದ್ದ ಲಾ ಪೀರಾ ತಮ್ಮ ಪ್ರಾಧ್ಯಾಪಕರನ್ನು ಅನುಸರಿಸಿ 1926ರಲ್ಲಿ ಫ್ಲಾರೆನ್ಸಿಗೆ ಬಂದರು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ರೋಮನ್ ಕಾನೂನಿನ ಪ್ರಾಧ್ಯಾಪಕರಾದರು. 1934ರಲ್ಲಿ ನಗರದ ನಡುಭಾಗದ ಸಾನ್ ಪ್ರೊಕೊಲೊ ಇಗರ್ಜಿಯಲ್ಲಿ ಬಡವರಿಗಾಗಿ ಭಾನುವಾರದ ಬಲಿಪೂಜೆಯನ್ನು ಆರಂಭಿಸಿದರು. ಭಿಕ್ಷುಕರು, ಕೆಲಸವಿಲ್ಲದವರು, ಜೈಲಿನಿಂದ ಬಿಡುಗಡೆಯಾದವರು ಅಲ್ಲಿಗೆ ಬರುತ್ತಿದ್ದರು. ಪೂಜೆಯ ನಂತರ ಬ್ರೆಡ್ಡು ಹಂಚಲಾಗುತ್ತಿತ್ತು. ನಮ್ಮ ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯನ್ನು ಬಲ್ಲವರಿಗೆ ಈ ಕೆಲಸ ಹೊಸತೆನಿಸದು. ಲಾ ಪೀರಾ ಅದೇ ಸಭೆಯ ಕಾರ್ಯಕರ್ತರಾಗಿದ್ದರು.

1936ರಿಂದ ಅವರ ವಾಸ ಸಾನ್ ಮಾರ್ಕೊ ದೊಮಿನಿಕನ್ ಮಠದ ಒಂದು ಪುಟ್ಟ ಕೋಣೆಯಲ್ಲಿ. ಫ್ರಾ ಆಂಜೆಲಿಕೊ ಚಿತ್ರ ಬಿಡಿಸಿದ ಮಠವದು. ಮುಸೊಲಿನಿಯ ಆಡಳಿತ ಉತ್ತುಂಗದಲ್ಲಿದ್ದಾಗ, 1939ರಲ್ಲಿ, ಅವರು ಒಂದು ಚಿಕ್ಕ ಪತ್ರಿಕೆಯ ಮೂಲಕ ಮನುಷ್ಯನ ಘನತೆ, ಸ್ವಾತಂತ್ರ್ಯಗಳ ಬಗ್ಗೆ ಬರೆಯತೊಡಗಿದರು. ಸರ್ಕಾರ ಅದನ್ನು ನಿಲ್ಲಿಸಿತು. 1943ರಲ್ಲಿ ಬಂಧನದ ಭೀತಿಯಿಂದ ಫ್ಲಾರೆನ್ಸ್ ತೊರೆದು ತಲೆಮರೆಸಿಕೊಳ್ಳಬೇಕಾಯಿತು.

ಯುದ್ಧ ಮುಗಿದ ಮೇಲೆ 1946ರಲ್ಲಿ ಅವರು ಇಟಲಿಯ ಸಂವಿಧಾನ ರಚನಾ ಸಭೆಗೆ ಆಯ್ಕೆಯಾದರು. 1948ರಿಂದ 1950ರವರೆಗೆ ಕಾರ್ಮಿಕ ಖಾತೆಯ ಉಪಸಚಿವರಾಗಿದ್ದರು. ಸಚಿವ ಅಮಿಂತೋರೆ ಫನ್ಫಾನಿಯವರ ಮುಂದಾಳತ್ವದಲ್ಲಿ 1949ರಲ್ಲಿ ಕಾರ್ಮಿಕರ ವಸತಿ ಕಾನೂನು ಜಾರಿಗೆ ಬಂದುದು ಆಗಲೇ. ಕಾರ್ಮಿಕರು, ಮಾಲಿಕರು ಹಾಗೂ ಸರ್ಕಾರ ಮೂವರೂ ಹಣ ಕೂಡಿಸಿದ ಈ ಯೋಜನೆಯಿಂದ ಹದಿನಾಲ್ಕು ವರ್ಷಗಳಲ್ಲಿ ಸುಮಾರು 3.5 ಲಕ್ಷ ಮನೆಗಳು ಎದ್ದವು.

ಯುದ್ಧ ಮುರಿದ ನಗರ

1951ರ ಜುಲೈಯಲ್ಲಿ ಲಾ ಪೀರಾ ಫ್ಲಾರೆನ್ಸಿನ ಮೇಯರ್ ಆದರು. ಜಗತ್ಪ್ರಸಿದ್ಧ ನಗರವಾದರೂ ಅದು ಮಹಾನಗರವಲ್ಲ. ಆಗಿನ ಜನಸಂಖ್ಯೆ ಸುಮಾರು 3.75 ಲಕ್ಷ. ನಗರದ ಹೃದಯಕ್ಕೆ ಬಿದ್ದ ಗಾಯ ಇನ್ನೂ ಮಾಸಿರಲಿಲ್ಲ. 1944ರ ಆಗಸ್ಟ್ 3ರ ರಾತ್ರಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಪೊಂಟೆ ವೆಕಿಯೊ ಎಂಬ ಹಳೆಯ ಸೇತುವೆಯೊಂದನ್ನು ಬಿಟ್ಟು ಆರ್ನೊ ನದಿಯ ಉಳಿದೆಲ್ಲ ಸೇತುವೆಗಳನ್ನು ಸಿಡಿಸಿತ್ತು. ಉಳಿಸಿದ ಸೇತುವೆಯ ಎರಡೂ ತುದಿಗಳ ಪುರಾತನ ಬೀದಿಗಳನ್ನೂ ಕೆಡವಿ ದಾರಿ ಮುಚ್ಚಿತ್ತು.

ಜೊತೆಗೆ ಜನರ ಒತ್ತಡ. ಹಳ್ಳಿಗಳ ಗೇಣಿ ಕೃಷಿಕರು ಹೊಲ ಬಿಟ್ಟು ಕೆಲಸ ಹುಡುಕಿ ನಗರಕ್ಕೆ ಬರುತ್ತಿದ್ದರು. 1961ರ ಹೊತ್ತಿಗೆ ಜನಸಂಖ್ಯೆ ಸುಮಾರು 4.36 ಲಕ್ಷಕ್ಕೆ ಏರಿತು. ಮನೆಗಳು ಕಡಿಮೆ, ಬಾಡಿಗೆ ದುಬಾರಿ. ಬಾಡಿಗೆದಾರರನ್ನು ಹೊರಹಾಕುವ ಕೋರ್ಟ್ ಆದೇಶಗಳು ಒಂದರ ಹಿಂದೆ ಒಂದರಂತೆ ಬರುತ್ತಿದ್ದವು.

ಇಂತಹ ಹೊತ್ತಿನಲ್ಲಿ ನಗರಾಡಳಿತದ ಮುಂದೆ ಎರಡು ಸುಲಭದ ದಾರಿಗಳಿದ್ದವು. ಪ್ರವಾಸಿಗರು ನೋಡುವ ನಡುನಗರವನ್ನು ಚೆಂದ ಮಾಡಿ ಬಡವರನ್ನು ಕಣ್ಣಿಗೆ ಕಾಣದಂತೆ ಹೊರಗೆ ಸಾಗಿಸುವುದು ಒಂದು. ಬೆಳವಣಿಗೆಯನ್ನು ಜಾಗದ ವ್ಯಾಪಾರಿಗಳ ಕೈಗೆ ಬಿಟ್ಟು ಸುಮ್ಮನಿರುವುದು ಇನ್ನೊಂದು. ಲಾ ಪೀರಾ ಎರಡನ್ನೂ ಒಪ್ಪಲಿಲ್ಲ. ಪ್ರತಿ ಕುಟುಂಬಕ್ಕೆ ಮನೆ, ಪ್ರತಿ ಕೈಗೆ ಕೆಲಸ, ಮಕ್ಕಳಿಗೆ ಶಾಲೆ, ರೋಗಿಗೆ ಆಸ್ಪತ್ರೆ, ಪ್ರಾರ್ಥನೆಗೆ ಇಗರ್ಜಿ ಇವಿಷ್ಟೂ ಇದ್ದರೆ ಮಾತ್ರ ಅದು ನಗರ ಎಂಬುದು ಅವರ ನಿಲುವಾಗಿತ್ತು.

ಸೇತುವೆಗಳ ಕೆಲಸಕ್ಕೆ ವೇಗ ಬಂತು. ಅಲ್ಲೆ ಗ್ರಾತ್ಸಿಯೆ ಮತ್ತು ವೆಸ್ಪುಚಿ ಸೇತುವೆಗಳು 1957ರಲ್ಲಿ ಸಿದ್ಧವಾದವು. ಹದಿನಾರನೆಯ ಶತಮಾನದ ಸಾಂತಾ ತ್ರಿನಿತಾ ಸೇತುವೆಯನ್ನು ನದಿಯಿಂದ ಎತ್ತಿ ತೆಗೆದ ಕಲ್ಲುಗಳನ್ನೂ ಬಳಸಿ, ಮೊದಲಿದ್ದ ರೂಪದಲ್ಲೇ, ಮೊದಲಿದ್ದ ಜಾಗದಲ್ಲೇ ಕಟ್ಟಿ 1958ರಲ್ಲಿ ಜನರಿಗೆ ತೆರೆಯಲಾಯಿತು.

ಖಾಲಿ ಬಂಗಲೆಗಳು

ಸೇತುವೆಗೆ ವರ್ಷಗಳು ಬೇಕು. ಬೀದಿಗೆ ಬಿದ್ದ ಕುಟುಂಬಕ್ಕೆ ಆ ರಾತ್ರಿಯೇ ಸೂರು ಬೇಕು. ನಗರದಲ್ಲಿ ಹಲವು ದೊಡ್ಡ ಬಂಗಲೆಗಳು ಖಾಲಿ ಬಿದ್ದಿದ್ದವು. ಅವುಗಳನ್ನು ನಗರಸಭೆಗೆ ಬಾಡಿಗೆಗೆ ಕೊಡುವಂತೆ ಲಾ ಪೀರಾ ಮಾಲಿಕರನ್ನು ಕೇಳಿಕೊಂಡರು. ಫಲ ಸಿಗಲಿಲ್ಲ. ಆಗ ಕಾನೂನು ಪಂಡಿತರಾದ ಮೇಯರ್ 1865ರ ಹಳೆಯ ಕಾಯಿದೆಯೊಂದನ್ನು ಹೊರತೆಗೆದರು. ಸಾರ್ವಜನಿಕ ತುರ್ತು ಇದ್ದಾಗ ಖಾಸಗಿ ಸ್ವತ್ತನ್ನು ತಾತ್ಕಾಲಿಕವಾಗಿ ವಶಕ್ಕೆ ಪಡೆಯಲು ಆಡಳಿತಕ್ಕೆ ಅದರಲ್ಲಿ ಅವಕಾಶವಿತ್ತು. ಬಂಗಲೆಗಳ ಬಾಗಿಲುಗಳು ತೆರೆದವು, ಮನೆಯಿಲ್ಲದ ಕುಟುಂಬಗಳು ಒಳಬಂದವು.

ದೊಡ್ಡ ಗಲಾಟೆಯೇ ನಡೆಯಿತು. ಮಾಲಿಕರು ಕೆರಳಿದರು. ಪತ್ರಿಕೆಗಳು ಅವರನ್ನು ಕಮ್ಯುನಿಸ್ಟರ ನೆಂಟನೆಂಬಂತೆ ಚಿತ್ರಿಸಿದವು. ಹೋಲಿಕೆಯೇನೆಂದರೆ, ಅವರು ಮೇಯರ್ ಪಟ್ಟ ಪಡೆದದ್ದು ಅದೇ ಕಮ್ಯುನಿಸ್ಟರನ್ನು ಚುನಾವಣೆಯಲ್ಲಿ ಸೋಲಿಸಿ.

ಇಸೊಲೊಟ್ಟೊ: ಸಾವಿರ ಬೀಗದಕೈಗಳು

ಶಾಶ್ವತ ಪರಿಹಾರಕ್ಕಾಗಿ ನಗರದ ಪಶ್ಚಿಮಕ್ಕೆ, ಆರ್ನೊ ನದಿಯ ಎಡದಡದಲ್ಲಿ, ಇಸೊಲೊಟ್ಟೊ ಎಂಬ ಹೊಸ ಬಡಾವಣೆ ಎದ್ದಿತು. 1949ರ ವಸತಿ ಯೋಜನೆಯ ಹಣ ಇಲ್ಲಿ ಉಪಯೋಗಕ್ಕೆ ಬಂತು. ಎತ್ತರದ ಪೆಟ್ಟಿಗೆಯಂತಹ ಕಟ್ಟಡಗಳ ಬದಲು ಕೆಲವೇ ಅಂತಸ್ತಿನ ಮನೆಗಳು, ನಡುವೆ ಮರಗಿಡಗಳು, ಜನ ಸೇರಲು ಚೌಕ. 1954ರ ನವೆಂಬರ್ 6ರಂದು ಲಾ ಪೀರಾ ಸುಮಾರು ಒಂದು ಸಾವಿರ ಕುಟುಂಬಗಳಿಗೆ ಬೀಗದಕೈಗಳನ್ನು ಹಸ್ತಾಂತರಿಸಿದರು. ಈ ಊರು ನಿಮ್ಮದು, ಇಲ್ಲಿನ ಚೌಕ, ತೋಟ, ಬೀದಿ, ಶಾಲೆಗಳನ್ನು ನಿಮ್ಮ ಮನೆಯಂತೆಯೇ ನೋಡಿಕೊಂಡು ಮಕ್ಕಳ ಕೈಗೆ ಒಪ್ಪಿಸಿ ಎಂಬ ಅರ್ಥದಲ್ಲಿ ಅವರೊಡನೆ ಮಾತಾಡಿದರು.

ಎಲ್ಲವೂ ಮೊದಲ ದಿನವೇ ಸರಿಯಾಗಿತ್ತೆಂದು ಹೇಳಿದರೆ ತಪ್ಪಾದೀತು. ಆರಂಭದ ವರ್ಷಗಳಲ್ಲಿ ಅಲ್ಲಿ ಸಾಕಷ್ಟು ಶಾಲೆಗಳಿರಲಿಲ್ಲ. ಬೇರೆ ಬೇರೆ ಕಡೆಗಳಿಂದ ಬಂದ, ಪರಸ್ಪರ ಪರಿಚಯವೇ ಇಲ್ಲದ ಜನ ಒಟ್ಟಾಗಿ ಹೋರಾಡಿ ಬೇಕಾದ ಸೌಲಭ್ಯ ಪಡೆದರು. ಆ ಹೋರಾಟದಲ್ಲೇ ಅವರು ನೆರೆಹೊರೆಯವರಾದರು.

ಕಾರ್ಖಾನೆಯ ಬಾಗಿಲು

ಮನೆ ಸಿಕ್ಕರೂ ಕೆಲಸವಿಲ್ಲದಿದ್ದರೆ ಬಾಡಿಗೆ ಕಟ್ಟುವುದು ಹೇಗೆ? 1953ರ ಕೊನೆಯಲ್ಲಿ ಪಿನ್ಯೋನೆ ಎಂಬ ಹಳೆಯ ಯಂತ್ರ ಕಾರ್ಖಾನೆಯನ್ನು ಮುಚ್ಚಲು ಮಾಲಿಕರು ಮುಂದಾದರು. ಸುಮಾರು 1,750 ಮಂದಿಯ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು. ಕಾರ್ಮಿಕರು ಕಾರ್ಖಾನೆಯೊಳಗೇ ಕುಳಿತರು. ಮೇಯರ್ ಅವರ ಪರ ನಿಂತು, ಕಾರ್ಖಾನೆಯೊಳಗೆ ನಡೆದ ಬಲಿಪೂಜೆಯಲ್ಲಿ ಅವರೊಂದಿಗೆ ಪಾಲ್ಗೊಂಡರು. ರೋಮಿನ ಸಚಿವರಿಗೆ ಪತ್ರದ ಮೇಲೆ ಪತ್ರ ಬರೆದರು. ಕೊನೆಗೆ ಸರ್ಕಾರಿ ತೈಲ ಸಂಸ್ಥೆಯ ಮುಖ್ಯಸ್ಥ ಎನ್ರಿಕೊ ಮಟ್ಟೇಯಿ ಅದನ್ನು ವಹಿಸಿಕೊಳ್ಳಲು ಒಪ್ಪಿದರು. 1954ರಲ್ಲಿ ಹೊಸ ಪಿನ್ಯೋನೆ ಎಂಬ ಹೆಸರಿನಲ್ಲಿ ಕೆಲಸ ಮತ್ತೆ ಶುರುವಾಯಿತು. ತೈಲ ಮತ್ತು ಅನಿಲ ಉದ್ಯಮದ ಯಂತ್ರಗಳಿಗೆ ಅದು ಮುಂದೆ ಜಗತ್ತಿನಲ್ಲೇ ಹೆಸರಾಯಿತು.

ಟೀಕೆಗಳು, ಎಡವಟ್ಟುಗಳು

ಟೀಕೆ ಹೊರಗಿನವರಿಂದ ಮಾತ್ರ ಬರಲಿಲ್ಲ. ಇಟಲಿಯ ಕಥೋಲಿಕ ರಾಜಕೀಯದ ಹಿರಿಯರಾದ ವಂದನೀಯ ಲುಯಿಜಿ ಸ್ತುರ್ಜೊ ಅವರೇ 1954ರಲ್ಲಿ ಲಾ ಪೀರಾ ಎಲ್ಲಕ್ಕೂ ಸರ್ಕಾರವನ್ನೇ ನೆಚ್ಚುತ್ತಾರೆ ಎಂದು ಬಹಿರಂಗವಾಗಿ ಆಕ್ಷೇಪಿಸಿದರು. ಅದು ಅಲ್ಲಗಳೆಯುವಂತಹ ಮಾತಾಗಿರಲಿಲ್ಲ. ಲೆಕ್ಕಪತ್ರಗಳಿಗಿಂತ ಹಸಿದವನ ಮುಖವೇ ಮೇಯರರಿಗೆ ಮೊದಲು ಕಾಣುತ್ತಿತ್ತು. ಸಭೆಯಲ್ಲಿ ಬಹುಮತ ಉಳಿಸಿಕೊಳ್ಳಲಾಗದೆ 1957ರಲ್ಲಿ ಅವರು ಅಧಿಕಾರ ಬಿಡಬೇಕಾಯಿತು. 1961ರಲ್ಲಿ ಮತ್ತೆ ಮೇಯರ್ ಆಗಿ 1965ರವರೆಗೆ ಸೇವೆ ಸಲ್ಲಿಸಿದರು.

ನಗರದ ಆಗ್ನೇಯಕ್ಕೆ, ಗುಡ್ಡಗಳ ಬಳಿ, ಸೊರ್ಗಾನೆ ಎಂಬ ಇನ್ನೊಂದು ಬಡಾವಣೆಗೆ ಅವರು ಹೊರಟಾಗ ವಿರೋಧ ಬಂತು. ಫ್ಲಾರೆನ್ಸಿನ ಸುತ್ತಲಿನ ಹಸಿರು ಗುಡ್ಡಗಳು ಕಟ್ಟಡಗಳಿಗೆ ಬಲಿಯಾಗುತ್ತವೆ ಎಂಬುದು ವಿರೋಧಿಗಳ ಭಯ. ಅವರ ಮಾತಿನಲ್ಲೂ ಹುರುಳಿತ್ತು. ಕೊನೆಗೆ ಯೋಜನೆಯನ್ನು ಕುಗ್ಗಿಸಲಾಯಿತು. ಲಾ ಪೀರಾರ ಎರಡನೇ ಅವಧಿಯಲ್ಲಿ, 1962ರಲ್ಲಿ, ವಾಸ್ತುಶಿಲ್ಪಿ ಎಡೊವಾರ್ಡೊ ಡೆಟ್ಟಿ ರೂಪಿಸಿದ ನಗರ ಯೋಜನೆ ಬಂತು. ಗುಡ್ಡಗಳನ್ನು ಕಾಯುವುದು, ಬೆಳವಣಿಗೆಯನ್ನು ವಾಯವ್ಯದ ಬಯಲಿನತ್ತ ಕೊಂಡೊಯ್ಯುವುದು ಅದರ ಗುರಿ. ಬಡವನ ಮನೆಯೂ ಬೇಕು, ಗುಡ್ಡದ ಹಸಿರೂ ಉಳಿಯಬೇಕು ಎಂಬ ಪಾಠವನ್ನು ನಗರ ಜಗಳವಾಡುತ್ತಲೇ ಕಲಿಯಿತು.

ನಗರಗಳನ್ನು ಕೊಲ್ಲುವ ಹಕ್ಕು ಯಾರಿಗೂ ಇಲ್ಲ

1955ರ ಅಕ್ಟೋಬರಿನಲ್ಲಿ ಲಾ ಪೀರಾ ಜಗತ್ತಿನ ರಾಜಧಾನಿಗಳ ಮೇಯರರನ್ನು ಫ್ಲಾರೆನ್ಸಿನ ಪುರಭವನಕ್ಕೆ ಕರೆದರು. ಅಣುಬಾಂಬಿನ ಭಯದ ಕಾಲವದು. ಆದರೂ ಪಶ್ಚಿಮದ ದೇಶಗಳವರ ಜೊತೆ ಮಾಸ್ಕೋದ ಮೇಯರ್ ಕೂಡ ಬಂದರು. ನಗರ ಒಂದು ತಲೆಮಾರಿನ ಸ್ವತ್ತಲ್ಲ, ಹಿರಿಯರಿಂದ ಪಡೆದು ಮಕ್ಕಳಿಗೆ ದಾಟಿಸಬೇಕಾದ ಒಡವೆ, ಆದ್ದರಿಂದ ಅದನ್ನು ನಾಶಮಾಡುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ ಎಂಬುದು ಅವರ ವಾದ. ಶಾಂತಿಯ ಇದೇ ಹಂಬಲದಿಂದ ಅವರು 1959ರಲ್ಲಿ ಮಾಸ್ಕೋಗೆ, 1965ರಲ್ಲಿ ಯುದ್ಧದ ನಡುವೆ ವಿಯೆಟ್ನಾಮಿನ ಹನೋಯಿಗೆ ಹೋಗಿಬಂದರು.

ನಮ್ಮ ಪಾಲಿಗೆ

ಲಾ ಪೀರಾ ತೀರಿಕೊಂಡ ಮರುದಿನ ಇಸೊಲೊಟ್ಟೊದ ಬೀಗದಕೈಗಳಿಗೆ ಇಪ್ಪತ್ಮೂರು ವರ್ಷ ತುಂಬಿತು. ಅವರ ಪಾರ್ಥಿವ ಶರೀರ 2007ರಿಂದ ಸಾನ್ ಮಾರ್ಕೊ ಇಗರ್ಜಿಯಲ್ಲಿದೆ. 2018ರ ಜುಲೈಯಲ್ಲಿ ಪೋಪ್ ಫ್ರಾನ್ಸಿಸ್ ಅವರು ಲಾ ಪೀರಾ ಆದರ್ಶ ಕ್ರೈಸ್ತ ಸದ್ಗುಣಗಳಿಂದ ಬದುಕಿದರೆಂಬ ಆಜ್ಞಾಪತ್ರಕ್ಕೆ ಸಮ್ಮತಿಯಿತ್ತರು. ಸಂತ ಪದವಿಯ ಹಾದಿಯಲ್ಲಿ ಅದೊಂದು ಮುಖ್ಯ ಮೆಟ್ಟಿಲು.

ಫ್ಲಾರೆನ್ಸಿನ ಕಷ್ಟ ಮುಗಿದಿಲ್ಲ. 1982ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಅದರ ನಡುನಗರದಲ್ಲಿ ಮನೆಗಳು ಪ್ರವಾಸಿಗರ ಬಿಡಾರಗಳಾಗಿ, ನಿವಾಸಿಗಳು ಹೊರಗೆ ಸರಿಯತೊಡಗಿದರು. ಅಲ್ಪಾವಧಿಯ ಹೊಸ ಬಾಡಿಗೆಗಳಿಗೆ 2023ರಲ್ಲಿ ನಗರಾಡಳಿತ ಅಲ್ಲಿ ತಡೆ ಹಾಕಬೇಕಾಯಿತು. ಚೆಂದದ ಕಲ್ಲುಗಳಿದ್ದೂ ಸಂಜೆ ದೀಪ ಹಚ್ಚುವ ಮನೆಮಂದಿ ಇಲ್ಲದಿದ್ದರೆ ಅದು ಊರಲ್ಲ ಎಂಬ ಲಾ ಪೀರಾರ ಚಿಂತೆ ಈಗ ಅಲ್ಲಿ ಮತ್ತೆ ಬಾಗಿಲು ತಟ್ಟುತ್ತಿದೆ.

ಊರು ಬೆಳೆಯುವಾಗ ಧರ್ಮಕೇಂದ್ರದ ನಮಗೆ ಉಳಿಯುವ ಪ್ರಶ್ನೆಗಳೂ ಇವೇ. ಹೊಸ ಫ್ಲ್ಯಾಟಿಗೆ ಬಂದ ಕುಟುಂಬದ ಹೆಸರು ನಮ್ಮ ವಾರ್ಡಿನಲ್ಲಿ ಯಾರಿಗೆ ಗೊತ್ತು? ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟವರು ಎಲ್ಲಿಗೆ ಹೋದರು? ಬೀಗ ಜಡಿದು ಪಾಳುಬಿದ್ದ ಮನೆ ನಮ್ಮ ಪೈಕಿಯವರದ್ದೇ ಆಗಿದ್ದರೆ? ಲಾ ಪೀರಾ ಇಂತಹ ಪ್ರಶ್ನೆಗಳನ್ನು ಬಲಿಪೂಜೆಯಿಂದ ಎದ್ದು ನೇರವಾಗಿ ನಗರಸಭೆಯ ಮೇಜಿಗೆ ಕೊಂಡೊಯ್ದರು. ಎರಡರ ನಡುವಿನ ದಾರಿ ಅವರಿಗೆ ದೂರವೆನಿಸಲಿಲ್ಲ.