ಫೋರ್ಟ್ರಾನ್ ಜನಕ ಜಾನ್ ಬ್ಯಾಕಸ್

ನೆಲದ ಮೇಲೆ ಕಾಣುವುದೇ ಎಲ್ಲವೂ ಅಲ್ಲವೆಂಬುದನ್ನು ಊರಿಗಾಂನಲ್ಲಿ ಹುಟ್ಟಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದವರೆಗೆ ನಮ್ಮ ಹಿರಿಯರು ಇಳಿದು ದುಡಿದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕಣ್ಣಿಗೆ ಕಾಣುವಂತೆ ಉಳಿದಿರುವುದು ಸಯನೈಡ್ ದಿಬ್ಬಗಳೇ. ಕಂಪ್ಯೂಟರಿನ ಪ್ರಪಂಚದಲ್ಲಿಯೂ ಹೀಗೆ ಮೇಲೆ ಕಾಣುವುದೊಂದು, ಒಳಗೆ ನಡೆಯುವುದೊಂದು ಇರುವುದುಂಟು.

ನಮ್ಮ ಬೀದಿಯ ಅಕ್ಕನೊಬ್ಬರು ಎಂ.ಎಸ್‌ಸಿ. ಓದುತ್ತಿದ್ದಾರೆ. ಅವರು ಫೋರ್ಟ್ರಾನ್ ಭಾಷೆಯಲ್ಲಿ ಬರೆದ ಲೆಕ್ಕವೊಂದು ತಪ್ಪು ಉತ್ತರ ಕೊಡುತ್ತಿತ್ತು. ತಪ್ಪು ಹುಡುಕಲು ಅವರು ಡಿಬಗ್ಗರ್ ಎಂಬ ಸಾಧನವನ್ನು ತೆರೆದು, ಒಂದು ಚರದ ಬೆಲೆಯನ್ನು ಕೇಳಿದರು. ಬೆಲೆಯ ಬದಲು, ಆ ಚರವನ್ನೇ ತೆಗೆದುಹಾಕಲಾಗಿದೆಯೆಂಬ ಉತ್ತರ ಬಂದಿತು! ತಾವೇ ಬರೆದ ಚರವು ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ನನಗೆ ದೊರೆತದ್ದು ಜಾನ್ ಬ್ಯಾಕಸ್‌ರವರ ಜೀವನಚರಿತ್ರೆ.

ಬ್ಯಾಕಸ್‌ರವರು 1924ರ ಡಿಸೆಂಬರ್ 3ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ಮನೆಯಲ್ಲಿ ಹಣಕ್ಕೆ ಕೊರತೆಯಿರಲಿಲ್ಲ. ಆದರೆ ಹುಡುಗನಿಗೆ ಓದಿನಲ್ಲಿ ಮನಸ್ಸಿರಲಿಲ್ಲ. ಶಾಲೆಯಲ್ಲಿ ಮತ್ತೆ ಮತ್ತೆ ನಪಾಸಾಗಿ, ಬೇಸಿಗೆಯ ರಜೆಯಲ್ಲಿಯೂ ಪಾಠಕ್ಕೆ ಕುಳಿತುಕೊಳ್ಳಬೇಕಾಗುತ್ತಿತ್ತು. ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರಕ್ಕೆ ಸೇರಿ, ತರಗತಿಗೆ ಹೋಗದೆ ಹೊರಬಿದ್ದರು. 1943ರಲ್ಲಿ ಸೈನ್ಯ ಸೇರಿದರು. ಸೈನ್ಯವು ಅವರನ್ನು ವೈದ್ಯಶಾಸ್ತ್ರದ ಓದಿಗೆ ಕಳುಹಿಸಿತು. ಆ ಸಮಯದಲ್ಲಿ ಅವರ ತಲೆಬುರುಡೆಯಲ್ಲಿ ಗಡ್ಡೆಯೊಂದು ಕಂಡುಬಂದು, ಶಸ್ತ್ರಚಿಕಿತ್ಸೆ ನಡೆದು, ಆ ಜಾಗದಲ್ಲಿ ತಗಡೊಂದನ್ನು ಕೂಡಿಸಲಾಯಿತು. ವೈದ್ಯಶಾಸ್ತ್ರವೂ ಅವರಿಗೆ ಹಿಡಿಸಲಿಲ್ಲ. ಕೊನೆಗೆ ನ್ಯೂಯಾರ್ಕಿನಲ್ಲಿ ರೇಡಿಯೋ ರಿಪೇರಿ ಕಲಿಸುವ ಶಾಲೆಗೆ ಸೇರಿದರು. ಅಲ್ಲಿ ಗುರುವೊಬ್ಬರಿಗೆ ಲೆಕ್ಕ ಮಾಡಿಕೊಡುವಾಗ ಗಣಿತದ ರುಚಿ ಹತ್ತಿತು. ಆಮೇಲೆ ಅವರು ಹಿಂದಿರುಗಿ ನೋಡಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿ, 1950ರಲ್ಲಿ ಐಬಿಎಂ ಸಂಸ್ಥೆಯನ್ನು ಸೇರಿದರು.

ಆ ಕಾಲದಲ್ಲಿ ಯಂತ್ರಕ್ಕೆ ಕೆಲಸ ಹೇಳುವುದೆಂದರೆ ಯಂತ್ರದ ಭಾಷೆಯಲ್ಲಿಯೇ ಒಂದೊಂದು ಹೆಜ್ಜೆಯನ್ನೂ ಬರೆಯಬೇಕಾಗಿತ್ತು. ಈ ಶ್ರಮವನ್ನು ಬ್ಯಾಕಸ್‌ರವರು ಸಹಿಸಲಿಲ್ಲ. ಮನುಷ್ಯನು ಬೀಜಗಣಿತದ ಸೂತ್ರದಂತೆ ಬರೆದರೆ ಯಂತ್ರವೇ ಅದನ್ನು ತನ್ನ ಭಾಷೆಗೆ ತರ್ಜುಮೆ ಮಾಡಿಕೊಳ್ಳಬೇಕೆಂದು 1953ರ ಕೊನೆಯಲ್ಲಿ ಮೇಲಧಿಕಾರಿಗೆ ಪತ್ರ ಬರೆದು ಒಪ್ಪಿಗೆ ಪಡೆದರು. ಆದರೆ ಯಂತ್ರ ಮಾಡಿದ ತರ್ಜುಮೆಯು ನುರಿತ ಕೈಗಳು ಬರೆದಷ್ಟು ವೇಗವಾಗಿ ಓಡಲಾರದೆಂದು ಬಲ್ಲವರೇ ನಗುತ್ತಿದ್ದರು. ಆದುದರಿಂದ ವೇಗವೇ ಬ್ಯಾಕಸ್‌ರವರ ವ್ರತವಾಯಿತು. ಲೋಯಿಸ್ ಹೈಬ್ಟ್, ಶೆಲ್ಡನ್ ಬೆಸ್ಟ್ ಮೊದಲಾದವರ ಸಣ್ಣ ತಂಡ ಅವರೊಡನೆ ದುಡಿಯಿತು. ಯಂತ್ರವು ರಾತ್ರಿಯಲ್ಲಿ ಬಿಡುವಾಗುತ್ತಿದ್ದುದರಿಂದ, ಹತ್ತಿರದ ಹೋಟೆಲಿನಲ್ಲಿ ಕೋಣೆ ಹಿಡಿದು ಹಗಲು ಮಲಗಿ ಇರುಳು ಕೆಲಸ ಮಾಡಿದರು. 1957ರ ಏಪ್ರಿಲಿನಲ್ಲಿ ಐಬಿಎಂ 704 ಯಂತ್ರಕ್ಕೆ ಫೋರ್ಟ್ರಾನ್ ಸಿದ್ಧವಾಯಿತು.

ಅಕ್ಕನ ಚರವು ಮಾಯವಾದ ಗುಟ್ಟು ಇಲ್ಲಿಯೇ ಇದೆ. ವೇಗಕ್ಕಾಗಿ ತರ್ಜುಮೆಗಾರನು, ಅಂದರೆ ಕಂಪೈಲರ್, ನಾವು ಬರೆದುದನ್ನು ಇದ್ದಂತೆಯೇ ಇಡುವುದಿಲ್ಲ. ಕೆಲವು ಚರಗಳನ್ನು ಜ್ಞಾಪಕಕೋಶದಲ್ಲಿಡದೆ ರಿಜಿಸ್ಟರಿನಲ್ಲಿಯೇ ಆಡಿಸುತ್ತದೆ. ಕೆಲವನ್ನು ಬೇಡವೆಂದು ಬಿಟ್ಟುಬಿಡುತ್ತದೆ. ಲೆಕ್ಕಗಳನ್ನು ಹಿಂದುಮುಂದಾಗಿ ಜೋಡಿಸುತ್ತದೆ. ಮೊದಲ ಕಂಪೈಲರ್ ಮಾಡಿದ ಇಂಥ ಮಾರ್ಪಾಡುಗಳನ್ನು ಕಂಡು ಅದನ್ನು ಕಟ್ಟಿದವರೇ ತಪ್ಪೆಂದು ಗಾಬರಿಯಾಗಿ, ಕೂಲಂಕಷವಾಗಿ ನೋಡಿದ ಮೇಲೆ ಸರಿಯೆಂದು ಒಪ್ಪುತ್ತಿದ್ದರಂತೆ!

ಇದಕ್ಕೆ ಪರಿಹಾರವೂ ಉಂಟು. ತಪ್ಪು ಹುಡುಕುವಾಗ ವೇಗದ ಏರ್ಪಾಡನ್ನು ನಿಲ್ಲಿಸಿ, ಡಿಬಗ್ಗರಿಗೆ ಬೇಕಾದ ಮಾಹಿತಿಯನ್ನು ಸೇರಿಸಿ ಪುನಃ ಕಂಪೈಲ್ ಮಾಡಬೇಕು. ಆಗಲೂ ಬೆಲೆ ವಿಚಿತ್ರವಾಗಿ ಕಂಡರೆ, ಆ ಚರಕ್ಕೆ ಬೆಲೆ ಕೊಟ್ಟ ಸಾಲನ್ನು ದಾಟಿ ನಿಂತಿದ್ದೇವೆಯೇ ಎಂದು ನೋಡಬೇಕು. ಅದಕ್ಕೆ ಮುಂಚೆ ಕಾಣುವುದು ಕಸವೇ. ಎರಡು ಆಯಾಮದ ಪಟ್ಟಿಯನ್ನು ಫೋರ್ಟ್ರಾನ್ ಅಡ್ಡಸಾಲಾಗಿ ಇಡದೆ ಕಂಬಸಾಲಾಗಿ ಇಡುತ್ತದೆಂಬುದನ್ನು ಮರೆತರೆ ಅಂಕಿಗಳು ಕಲಸಿದಂತೆ ತೋರುತ್ತವೆ. ಇನ್ನೊಂದು ಹಳೆಯ ಪದ್ಧತಿಯಿದೆ: ಘೋಷಿಸದೆ ಬಿಟ್ಟ ಚರದ ಹೆಸರು ಇಂಗ್ಲಿಷಿನ ಐ ಇಂದ ಎನ್ ವರೆಗಿನ ಅಕ್ಷರದಿಂದ ಆರಂಭವಾದರೆ ಅದು ಪೂರ್ಣಾಂಕವೆಂದೇ ಲೆಕ್ಕ. 2.7 ಇಟ್ಟರೆ 2 ಎಂದು ತೋರಿಸುತ್ತದೆ. ಅಲ್ಲಿ ಡಿಬಗ್ಗರ್ ಸುಳ್ಳು ಹೇಳುತ್ತಿಲ್ಲ. ನಾವು ಹೇಳಬೇಕಾದುದನ್ನು ಹೇಳಿಲ್ಲ. ಪ್ರೋಗ್ರಾಮಿನ ಆರಂಭದಲ್ಲಿಯೇ ಇಂಪ್ಲಿಸಿಟ್ ನನ್ ಎಂದು ಬರೆದರೆ ಘೋಷಿಸದ ಚರವನ್ನು ಕಂಪೈಲರೇ ಹಿಡಿದುಕೊಡುತ್ತದೆ. ಅಕ್ಕನ ಲೆಕ್ಕದಲ್ಲಿದ್ದ ತಪ್ಪೂ ಇದೇ ಆಗಿತ್ತು.

ಬ್ಯಾಕಸ್‌ರವರು ಅಷ್ಟಕ್ಕೇ ನಿಲ್ಲಲಿಲ್ಲ. 1959ರಲ್ಲಿ ಕಂಪ್ಯೂಟರ್ ಭಾಷೆಗಳ ವ್ಯಾಕರಣವನ್ನು ಬರೆಯುವ ಕ್ರಮವೊಂದನ್ನು ರೂಪಿಸಿದರು. ಇದು ನಮ್ಮ ಪಾಣಿನಿಯ ಸೂತ್ರಕ್ರಮವನ್ನು ಹೋಲುವುದರಿಂದ ಪಾಣಿನಿಯ ಹೆಸರನ್ನೂ ಅದಕ್ಕೆ ಸೇರಿಸಬೇಕೆಂದು 1967ರಲ್ಲಿ ವಿದ್ವಾಂಸರೊಬ್ಬರು ಸೂಚಿಸಿದರು. 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿ ದೊರೆತಾಗ, ಫೋರ್ಟ್ರಾನ್ ಮಾದರಿಯ ಭಾಷೆಗಳ ಕುಂದುಗಳನ್ನೇ ಎತ್ತಿ ತೋರಿಸಿ ಉಪನ್ಯಾಸ ಮಾಡಿದರು. ತನ್ನ ಕೃತಿಯ ತಪ್ಪನ್ನು ತಾನೇ ಹುಡುಕುವ ಧೈರ್ಯ ಎಷ್ಟು ಜನರಿಗಿದ್ದೀತು? 2007ರ ಮಾರ್ಚ್ 17ರಂದು ಅವರು ಕಾಲವಾದರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಮೊದಲ ವರ್ಷ ಎರಡು ವಿಷಯಗಳಲ್ಲಿ ನಪಾಸಾದಾಗ, ಅಪ್ಪ ಅಂಕಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಏನೂ ತಿಳಿಯದೆ ನನ್ನ ಕೈಗೇ ಕೊಟ್ಟರು. ಓದು ಬಿಟ್ಟುಬಿಡೋಣವೆಂದು ನಾನು ಅಂದು ನಿಶ್ಚಯಿಸಿದ್ದೆ. ಬಿಡಲಿಲ್ಲ. ಬ್ಯಾಕಸ್‌ರವರ ಶಾಲೆಯ ಅಂಕಪಟ್ಟಿಯೂ ಅವರ ನಿಜವಾದ ಬೆಲೆಯನ್ನು ತೋರಿಸಲಿಲ್ಲ. ಕಾಣುವ ಬೆಲೆ ತಪ್ಪೆನಿಸಿದಾಗ ಅದು ಏಕೆ ಹಾಗೆ ಕಾಣುತ್ತಿದೆಯೆಂದು ವಿಚಾರಿಸಬೇಕು. ಚರವೇ ಇಲ್ಲವೆಂದು ಎದ್ದುಹೋಗಬಾರದು. ಈ ಸಲ ನಪಾಸಾಗಿರುವ ಸಹಪಾಠಿಗಳಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ.