ಮಾಸ್ತಿ ವೆಂಕಟೇಶ ಅಯ್ಯಂಗಾರ್

ಮಾಸ್ತಿ ವೆಂಕಟೇಶ ಅಯ್ಯಂಗಾರ್ (ಜೂನ್ 6, 1891 – ಜೂನ್ 6, 1986) ಕನ್ನಡದ ಕಥೆಗಾರರು, ಕಾದಂಬರಿಕಾರರು ಹಾಗೂ ಕವಿಗಳು. ಇವರ ಕಾವ್ಯನಾಮ ಶ್ರೀನಿವಾಸ. ಸಣ್ಣಕಥೆಗಳಿಂದ ಮನೆಮಾತಾದ ಇವರಿಗೆ 1983ರ ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟದ್ದು 'ಚಿಕವೀರ ರಾಜೇಂದ್ರ' ಕಾದಂಬರಿ.

ಜೀವನ

ಮಾಸ್ತಿಯವರು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ, ತಮಿಳು ಮನೆಮಾತಿನ ಶ್ರೀವೈಷ್ಣವ ಕುಟುಂಬದಲ್ಲಿ ಜನಿಸಿದರು. 1914ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷ್ ಎಂ.ಎ. ಪದವಿ ಪಡೆದು, ಮೈಸೂರು ಸಿವಿಲ್ ಸರ್ವಿಸ್ ಸೇರಿ ಜಿಲ್ಲಾಧಿಕಾರಿ ಹುದ್ದೆಯವರೆಗೆ ಏರಿದರು. ತಮಗಿಂತ ಕಿರಿಯರಿಗೆ ಉನ್ನತ ಹುದ್ದೆ ದೊರೆತಾಗ 1943ರಲ್ಲಿ ರಾಜೀನಾಮೆ ನೀಡಿದರು. 1944ರಿಂದ ಎರಡು ದಶಕಗಳ ಕಾಲ 'ಜೀವನ' ಮಾಸಪತ್ರಿಕೆಯನ್ನು ನಡೆಸಿದರು.

ಅರಸುಮನೆಯ ಕಥೆಗಳು

ಇವರ ಎರಡು ದೊಡ್ಡ ಕಾದಂಬರಿಗಳೂ ಬರೆದದ್ದು ನಿವೃತ್ತಿಯ ನಂತರ. ಎರಡೂ ರಾಜ್ಯನಾಶದ ಕಥೆಗಳು. 'ಚೆನ್ನಬಸವ ನಾಯಕ' (1949) 1763ರಲ್ಲಿ ಹೈದರಾಲಿಯ ವಶವಾದ ಬಿದನೂರಿಗೆ ಸಂಬಂಧಿಸಿದ್ದು. ಸತ್ತನೆಂದು ನಂಬಲಾಗಿದ್ದ ರಾಜಕುಮಾರ ತಾನೇ ಎಂದು ಹೇಳಿಕೊಂಡು ಒಬ್ಬನು ಹೈದರನ ಆಶ್ರಯಕ್ಕೆ ಬಂದನೆಂದು ಇತಿಹಾಸ ಹೇಳುತ್ತದೆ. ಮರಳಿ ಬರುವ ಅರಸನ ಇಂತಹ ಐತಿಹ್ಯವು ಬ್ರಿಟನ್ನಿನ ಆರ್ಥರ್ ರಾಜನ ಸುತ್ತಲೂ ಬೆಳೆದಿದೆ.

'ಚಿಕವೀರ ರಾಜೇಂದ್ರ' (1956) ಕೊಡಗಿನ ಕೊನೆಯ ಅರಸನ ಕಥೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಆತನನ್ನು ಪದಚ್ಯುತಗೊಳಿಸಿತು; ಆತ ಕಾಶಿಯಲ್ಲಿದ್ದು, ಬಳಿಕ ಲಂಡನ್ನಿನಲ್ಲಿ ತೀರಿಕೊಂಡನು. ಕಾದಂಬರಿಯಲ್ಲಿ ಶಕುನ, ಮಂತ್ರ, ಬಚ್ಚಿಟ್ಟ ಜನ್ಮರಹಸ್ಯ ಎಲ್ಲವೂ ಇವೆ. ಆದರೆ ಕತ್ತಿಯಾಗಲಿ ಮಾಟವಾಗಲಿ ರಾಜ್ಯವನ್ನು ಕೆಡವುವುದಿಲ್ಲ. ಅರಸನ ಕ್ರೌರ್ಯ, ಅವನ ಒಡನಾಡಿ ಕುಂಟ ಬಸವನ ದರ್ಪ, ಬೋಪಣ್ಣನಂತಹ ಮಂತ್ರಿಗಳ ಮುರಿದ ನಂಬಿಕೆ ಇವೇ ಕೆಡವುತ್ತವೆ. ಕಚೇರಿಯನ್ನು ಒಳಗಿನಿಂದ ಕಂಡ ಅಧಿಕಾರಿಯ ಕಣ್ಣು ಇಲ್ಲಿ ಕೆಲಸ ಮಾಡಿದೆ. ಅರಸನ ಚಿತ್ರಣವು ಬ್ರಿಟಿಷರ ಬರಹಗಳನ್ನು ಅತಿಯಾಗಿ ನೆಚ್ಚಿದೆ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಕಂಪನಿಗೆ ದುರಾಡಳಿತವೇ ನೆಪವಾಯಿತೆಂಬುದನ್ನು ಮಾತ್ರ ಕೃತಿ ಮರೆಮಾಚುವುದಿಲ್ಲ.

ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕವನ್ನು ಮಾಸ್ತಿಯವರು 'ಲಿಯರ್ ಮಹಾರಾಜ' ಎಂದು ಕನ್ನಡಕ್ಕೆ ತಂದರು. ಲಿಯರ್ ಮತ್ತು ಆರ್ಥರ್ ಇಬ್ಬರ ಕಥೆಗಳೂ 12ನೆಯ ಶತಮಾನದ ಜೆಫ್ರಿ ಆಫ್ ಮನ್ಮತ್ ಬರೆದ ಬ್ರಿಟನ್ನಿನ ಅರಸರ ಚರಿತ್ರೆಯಲ್ಲಿ ಸೇರಿವೆ. ಮಾಂತ್ರಿಕನೇ ನಾಯಕನಾದ 'ದಿ ಟೆಂಪೆಸ್ಟ್' ಅವರ ಕೈಯಲ್ಲಿ 'ಚಂಡಮಾರುತ'ವಾಯಿತು.

ಗವಿಪುರಂ

ಬೆಂಗಳೂರಿನ ಗವಿಪುರಂ ಬಡಾವಣೆಯ ಮನೆಯಲ್ಲಿ ಮಾಸ್ತಿಯವರು ದೀರ್ಘಕಾಲ ವಾಸವಾಗಿದ್ದರು. ಸಂಜೆ ಬಸವನಗುಡಿ ಕ್ಲಬ್ಬಿಗೆ ಹೋಗಿ ಇಸ್ಪೀಟು ಆಡುವುದು ಅವರ ರೂಢಿಯಾಗಿತ್ತು. ತೊಂಬತ್ತೈದು ತುಂಬಿದ ಹುಟ್ಟುಹಬ್ಬದ ದಿನದಂದೇ ಅವರು ಬೆಂಗಳೂರಿನಲ್ಲಿ ನಿಧನರಾದರು.