ಕೇಳಿಸಲೇಬೇಕು ಎಂಬ ಹಠ: ಪಿಟೀಲು ಚೌಡಯ್ಯನವರ ಏಳು ತಂತಿ ಮತ್ತು ನಮ್ಮ ಬೇಸ್ ಹುಡುಗರು

ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ. ಈ ಕಡೆಯ ಯಾವುದೇ ಗಣೇಶೋತ್ಸವದ ಆರ್ಕೆಸ್ಟ್ರಾಗೆ ಹೋಗಿ, ಬೇಸ್ ಗಿಟಾರ್ ಹಿಡಿದವನು ಎಲ್ಲಿ ನಿಂತಿದ್ದಾನೆ ಅಂತ ಹುಡುಕಿ. ಡ್ರಮ್ಸ್ ಹಿಂದೆ, ಲೈಟು ಬೀಳದ ಮೂಲೆಯಲ್ಲಿ ಸಿಗ್ತಾನೆ. ಸೌಂಡ್ ಚೆಕ್ ಮಾಡುವಾಗ ಅವನ ಸರದಿ ಕೊನೆಗೆ. ಮಿಕ್ಸರ್‌ನಲ್ಲಿ ಚಾನೆಲ್ ಕಡಿಮೆ ಬಿದ್ದರೆ ಮೊದಲು ಹೋಗೋದೂ ಅವನದ್ದೇ. ಎಷ್ಟೋ ಕಡೆ ಅವನೇ ಇರಲ್ಲ, ಕೀಬೋರ್ಡ್‌ನವರ ಎಡಗೈಯೇ ಬೇಸ್. ಈ ಹುಡುಗರಲ್ಲಿ ಕೆಲವರು ನನಗೆ ಮೆಸೇಜ್ ಮಾಡಿ ಯಾವ ಆಂಪ್ ತಗೊಳ್ಳಲಿ, ಯಾವ ತಂತಿ ಹಾಕಲಿ, ಪೆಡಲ್ ಬೇಕಾ ಅಂತ ಕೇಳ್ತಾರೆ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಿಗೆ ಇಂಥ ಪ್ರಶ್ನೆ ಬಂದರೆ ವಾಟ್, ಓಮ್ ಅಂತ ಶುರು ಮಾಡುವುದು ಸುಲಭ. ಆದರೆ ನಾನು ಅವರಿಗೆಲ್ಲ ಮೊದಲು ಹೇಳೋದು ಗಿಟಾರನ್ನೇ ಮುಟ್ಟದ ಒಬ್ಬ ಮನುಷ್ಯನ ಕಥೆ. ಪಕ್ಕವಾದ್ಯದವನು ಕೇಳಿಸುವುದಿಲ್ಲ ಅನ್ನುವ ಸಮಸ್ಯೆಯನ್ನು ನಮ್ಮ ರಾಜ್ಯದಲ್ಲಿ ಅವರಷ್ಟು ಗಂಭೀರವಾಗಿ ತೆಗೆದುಕೊಂಡವರು ಇನ್ನೊಬ್ಬರಿಲ್ಲ. ಅವರು ಟಿ. ಚೌಡಯ್ಯ.

ಚೌಡಯ್ಯ ಹುಟ್ಟಿದ್ದು 1895ರಲ್ಲಿ, ಕಾವೇರಿ ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ. ತಂದೆ ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. ಒಕ್ಕಲಿಗರ ಮನೆ. 1910ರಲ್ಲಿ, ಹದಿನೈದರ ವಯಸ್ಸಿಗೆ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಸೇರಿದರು. ಗುರು ಹಾಡುಗಾರರು, ಶಿಷ್ಯ ಪಿಟೀಲಿನವನು. ಸುಮಾರು ಎಂಟು ವರ್ಷದ ಕಲಿಕೆ. ಆಮೇಲೆ ಕಛೇರಿಗಳಲ್ಲಿ ಗುರುವಿನ ಪಕ್ಕದಲ್ಲೇ ಕೂತು ನುಡಿಸುವ ಕೆಲಸ.

ಪಕ್ಕದಲ್ಲಿ ಅನ್ನುವ ಮಾತನ್ನು ಸ್ವಲ್ಪ ಗಮನಿಸಿ. ಕರ್ನಾಟಕ ಸಂಗೀತದ ವೇದಿಕೆಯಲ್ಲಿ ನಡುವೆ ಕೂರುವವರು ಹಾಡುಗಾರರು. ಪಿಟೀಲು ಒಂದು ಪಕ್ಕ, ಮೃದಂಗ ಇನ್ನೊಂದು ಪಕ್ಕ. ಯಾರ ಹೆಸರು ಮೊದಲು, ಯಾರಿಗೆ ಎಷ್ಟು ಸಂಭಾವನೆ, ಯಾರು ಎಷ್ಟು ಹೊತ್ತು ನುಡಿಸಬಹುದು ಎಲ್ಲವೂ ಈ ಕೂರುವ ಜಾಗದಿಂದಲೇ ತೀರ್ಮಾನ ಆಗುತ್ತದೆ. ಆ ಕಾಲದ ಪಿಟೀಲಿನ ತ್ರಿಮೂರ್ತಿಗಳು ಎಂದು ಹೆಸರಾದವರು ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ ಮತ್ತು ಚೌಡಯ್ಯ. ಮೂವರಲ್ಲಿ ಒಬ್ಬರೂ ಬ್ರಾಹ್ಮಣರಲ್ಲ. ನಡುವೆ ಕೂತು ಹಾಡುತ್ತಿದ್ದ ದೊಡ್ಡ ಹೆಸರುಗಳ ಪಟ್ಟಿ ತೆಗೆದು ಪಕ್ಕದಲ್ಲಿಟ್ಟು ನೋಡಿ, ಲೆಕ್ಕ ನೀವೇ ಹಾಕಿಕೊಳ್ಳಿ. ಹೀಗಾಗಿ ಚೌಡಯ್ಯನವರ ವಾಲ್ಯೂಮ್ ಸಮಸ್ಯೆ ಬರೀ ಭೌತಶಾಸ್ತ್ರದ್ದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಭೌತಶಾಸ್ತ್ರವೂ ಇತ್ತು, ಖಂಡಿತ. 1920ರ ದಶಕದ ಕಛೇರಿಗೆ ಮೈಕಿಲ್ಲ. ಸಭೆಗಳು ದೊಡ್ಡದಾಗುತ್ತಿದ್ದವು. ಟಿಕೆಟ್ ಕೊಂಡು ಹಿಂದಿನ ಸಾಲಲ್ಲಿ ಕೂತವನಿಗೂ ಕೇಳಿಸಬೇಕು. ಹಾಡುಗಾರರು ಏರು ಶ್ರುತಿ ಹಿಡಿದು ಗಂಟಲು ತೆರೆದು ಹಾಡುತ್ತಿದ್ದರು. ಮೃದಂಗಕ್ಕೆ ಅದರದ್ದೇ ಪೆಟ್ಟಿನ ಬಲ ಇದೆ. ಪಿಟೀಲಿಗೆ ಇರೋದು ಒಂದು ಮರದ ಪೆಟ್ಟಿಗೆ, ನಾಲ್ಕು ತಂತಿ, ಕುದುರೆ ಬಾಲದ ಕೂದಲಿನ ಕಮಾನು. ಅದರ ಮೇಲೆ ನಮ್ಮವರು ಅದನ್ನು ಪಾಶ್ಚಾತ್ಯರ ಹಾಗೆ ಶ್ರುತಿ ಮಾಡಲ್ಲ. ಸ, ಪ, ಸ, ಪ ಅಂತ ಹಾಡುಗಾರರ ಆಧಾರ ಶ್ರುತಿಗೆ ತಕ್ಕ ಹಾಗೆ ತಂತಿ ಸಡಿಲಿಸಿ ಕಟ್ಟುತ್ತಾರೆ.

ಇಲ್ಲಿ ಒಂದು ಸೂತ್ರ. ಅದೇ ತಂತಿ, ಅದೇ ಉದ್ದ ಇಟ್ಟುಕೊಂಡು ಶ್ರುತಿ ಇಳಿಸಿದರೆ ಬಿಗಿತ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಶ್ರುತಿ ಮುಕ್ಕಾಲಿಗೆ ಬಂದರೆ ಬಿಗಿತ ಹದಿನಾರರಲ್ಲಿ ಒಂಬತ್ತು ಪಾಲು, ಹೆಚ್ಚುಕಮ್ಮಿ ಅರ್ಧ. ಬಿಗಿತ ಹೋದ ಹಾಗೆ ತಂತಿ ಕಮಾನಿನ ಒತ್ತಡ ತಡೆಯಲ್ಲ, ಸದ್ದು ಸಣ್ಣಗಾಗಿ ಮಬ್ಬಾಗುತ್ತದೆ. ಬೇಸ್ ಹುಡುಗರಿಗೆ ಇದು ಹೊಸದಲ್ಲ. ಮಾಮೂಲಿ 45ರಿಂದ 105ರ ಸೆಟ್ ಹಾಕಿಕೊಂಡು, ಇ ತಂತಿಯನ್ನು ಡಿ, ಸಿ ಅಂತ ಇಳಿಸುತ್ತಾ ಹೋದರೆ ತಂತಿ ಹಗ್ಗದ ಹಾಗೆ ಜೋಲಾಡಿ ಫ್ರೆಟ್‌ಗೆ ಬಡಿಯುತ್ತೆ. ಆಗ ಆಂಪ್ ಬದಲಿಸಿ ಪ್ರಯೋಜನ ಇಲ್ಲ, ದಪ್ಪ ತಂತಿ ಬೇಕು. ನೂರರಲ್ಲಿ ಎಂಬತ್ತು ಬೇಸ್ ಸಮಸ್ಯೆ ಆಂಪಿನದ್ದಲ್ಲ, ತಂತಿ ಮತ್ತು ಸೆಟಪ್‌ನದ್ದು ಅಂತ ನನ್ನ ಅಂದಾಜು. ಸಂಶೋಧನೆ ಏನಲ್ಲ, ಅನುಭವ.

ಚೌಡಯ್ಯ ಮಾಡಿದ್ದು ಏನು? 1927ರ ಹೊತ್ತಿಗೆ ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ವಾದ್ಯವನ್ನೇ ನುಡಿಸುತ್ತಿದ್ದರು. ಸೇರಿಸಿದ್ದು ಹೊಸ ಸ್ವರಗಳಿಗಾಗಿ ಅಲ್ಲ. ಇರುವ ತಂತಿಗಳಿಗೇ ಜೋಡಿ ಕೊಟ್ಟದ್ದು. ಕಮಾನು ಎಳೆದರೆ ಎರಡು ತಂತಿ ಒಟ್ಟಿಗೆ ಮಿಡಿಯಬೇಕು, ಒಂದು ಸ್ವರದ ಜೊತೆಗೆ ಅದರ ಇನ್ನೊಂದು ಸ್ಥಾಯಿಯೂ ಕೇಳಬೇಕು.

ಇದರಿಂದ ಸದ್ದು ಎರಡು ಪಟ್ಟಾಯಿತಾ? ಇಲ್ಲ. ಒಂದೇ ಬಲದ ಎರಡು ಸದ್ದು ಕೂಡಿದರೆ ಸಿಗೋದು ಸುಮಾರು 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 30 ವಾಟಿನ ಆಂಪ್ ಸಾಲದು ಅಂತ 60ರದ್ದು ತಂದವರು ಪೆಚ್ಚಾಗೋದು ಇದಕ್ಕೇ. ಲಾಭ ಇರೋದು ಬೇರೆ ಕಡೆ. ಜೋಡಿ ಸ್ಥಾಯಿ ಸೇರಿದಾಗ ಸ್ವರದ ಮೇಲಿನ ಅಂಶಗಳು ತುಂಬಿಕೊಳ್ಳುತ್ತವೆ, ನಮ್ಮ ಕಿವಿ ಚುರುಕಾಗಿರುವ ಜಾಗ ಅದೇ. ಸದ್ದು ಜೋರಾಗುವುದಕ್ಕಿಂತ ಹೆಚ್ಚಾಗಿ ದಪ್ಪವಾಗುತ್ತದೆ, ಬೇರೆ ಸದ್ದುಗಳ ನಡುವೆ ಎದ್ದು ನಿಲ್ಲುತ್ತದೆ. ಇವತ್ತು ಆಕ್ಟೇವ್ ಪೆಡಲ್ ಮಾಡೋದೂ ಇದನ್ನೇ. ಪ್ರತಿ ಬೇಸ್ ತಂತಿಗೂ ಮೇಲಿನ ಸ್ಥಾಯಿಯ ಜೋಡಿ ಇರುವ ಎಂಟು ತಂತಿಯ, ಹನ್ನೆರಡು ತಂತಿಯ ಬೇಸ್‌ಗಳು ಬಂದಿದ್ದೂ ಈ ತತ್ವದ ಮೇಲೆಯೇ. ಚೀಪ್ ಟ್ರಿಕ್ ಬ್ಯಾಂಡಿನ ಟಾಮ್ ಪೀಟರ್ಸನ್ 70ರ ದಶಕದಲ್ಲಿ ಹೇಮರ್ ಕಂಪನಿಯಿಂದ ಹನ್ನೆರಡು ತಂತಿಯದ್ದು ಮಾಡಿಸಿಕೊಂಡ. ಮೈಸೂರಿನಲ್ಲಿ ಅದು ಐವತ್ತು ವರ್ಷ ಮೊದಲೇ ನಡೆದಿತ್ತು, ಕರೆಂಟಿಲ್ಲದೆ.

ಬೇಸ್‌ನವರು ಇದರಿಂದ ತೆಗೆದುಕೊಳ್ಳಬಹುದಾದ್ದು ನೇರವಾಗಿದೆ. ನಿಮ್ಮ ಕೆಳಗಿನ ಇ ತಂತಿಯ ಮೂಲ ಕಂಪನ ಸೆಕೆಂಡಿಗೆ 41. ಸಣ್ಣ ಸ್ಪೀಕರಿಗೆ ಅದನ್ನು ಸರಿಯಾಗಿ ಹೊರಡಿಸಲು ಆಗಲ್ಲ, ಫೋನಿಗಂತೂ ಇಲ್ಲವೇ ಇಲ್ಲ. ಆದರೂ ಫೋನಿನಲ್ಲಿ ಬೇಸ್ ಲೈನ್ ಗುರುತು ಸಿಗುತ್ತಲ್ಲ, ಯಾಕೆ? ಸ್ವರದ ಮೇಲಿನ ಅಂಶಗಳು ಕೇಳಿದರೆ ಮಿದುಳು ಮೂಲ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ಕೇಳಿಸ್ತಾ ಇಲ್ಲ ಅಂದಾಗ ಬೇಸ್ ನಾಬ್ ಪೂರ್ತಿ ತಿರುಗಿಸಬೇಡಿ, ಅದು ಡ್ರಮ್ ಜೊತೆ ಸೇರಿ ಗುಂಯ್ ಅನ್ನುತ್ತೆ ಅಷ್ಟೇ. ಕೆಳಗಿನದ್ದು ಸ್ವಲ್ಪ ಇಳಿಸಿ, 700, 800 ಹರ್ಟ್ಸ್ ಸುತ್ತಮುತ್ತ ಎತ್ತಿ ನೋಡಿ. ದುಡ್ಡಿದ್ದರೆ ಮೊದಲು ಒಳ್ಳೆಯ ತಂತಿ ಮತ್ತು ಸೆಟಪ್, ಆಮೇಲೆ ಡಿಐ ಬಾಕ್ಸ್, ಆಮೇಲೆ ಆಂಪ್. ಪೆಡಲ್ ಕೊನೆಗೆ. ಗಣೇಶನ ಪೆಂಡಾಲಿನಲ್ಲಿ ಹೇಗೂ ಸೌಂಡ್‌ನವರ ಸಿಸ್ಟಮ್ಮೇ ಇರುತ್ತೆ, ಅದಕ್ಕೆ ಶುದ್ಧ ಸಿಗ್ನಲ್ ಕೊಡೋದು ನಿಮ್ಮ ಕೆಲಸ. ಇನ್ನು ತಂತಿ ಹೊಸದೇ ಇರಬೇಕು ಅಂತಿಲ್ಲ. ಮೋಟೌನಿನ ಜೇಮ್ಸ್ ಜೇಮರ್ಸನ್ ತಂತಿ ಹರಿಯುವ ತನಕ ಬದಲಿಸುತ್ತಲೇ ಇರಲಿಲ್ಲ. ಅದು ಅವನ ಬೆರಳಿಗೆ ಒಪ್ಪಿತ್ತು, ನಿಮಗೆ ಒಪ್ಪುತ್ತಾ ನೋಡಿಕೊಳ್ಳಿ.

ಮತ್ತೆ ಚೌಡಯ್ಯನವರ ಹತ್ತಿರ ಬರೋಣ. ಏಳು ತಂತಿ ಹಾಕುವುದು ಮೂರು ಬಿರಟೆ ಜಾಸ್ತಿ ಕೊರೆದಷ್ಟು ಸುಲಭ ಅಲ್ಲ. ತಂತಿ ಹೆಚ್ಚಿದಷ್ಟೂ ಕುದುರೆಯ ಮೇಲೆ, ಅದರ ಕೆಳಗಿನ ತೆಳ್ಳನೆಯ ಮರದ ಹಲಗೆಯ ಮೇಲೆ ಭಾರ ಹೆಚ್ಚುತ್ತದೆ. ಎಡಗೈಯ ಒಂದು ಬೆರಳು ಎರಡು ತಂತಿಯನ್ನು ಒಂದೇ ಒತ್ತಡದಲ್ಲಿ ಹಿಡಿಯಬೇಕು. ಗಮಕಕ್ಕಾಗಿ ಜಾರುವಾಗ ಎರಡೂ ಒಟ್ಟಿಗೇ ಜಾರಬೇಕು. ಒಂದು ಕೂದಲೆಳೆ ಆಚೀಚೆಯಾದರೂ ಅಪಸ್ವರ, ಅದೂ ಜೋಡಿಯಾಗಿ. ಬಲಗೈಗೆ ದುಪ್ಪಟ್ಟು ಕೆಲಸ. ಚೌಡಯ್ಯನವರ ಕಮಾನಿನ ಬಲಕ್ಕೆ ಆಗ ದಕ್ಷಿಣ ಭಾರತದಾದ್ಯಂತ ಹೆಸರಿತ್ತು. ಆ ಕೈ ಮೊದಲು, ವಾದ್ಯ ಆಮೇಲೆ. ಗೇರ್ ಹುಚ್ಚಿನ ಗೆಳೆಯರು ಈ ಕ್ರಮವನ್ನು ಉಲ್ಟಾ ಮಾಡಿಕೊಳ್ಳುವುದನ್ನು ಕಂಡಿದ್ದೇನೆ.

ವಿರೋಧ ಬಂತು. ಅಬ್ಬರ ಜಾಸ್ತಿ, ಹಾಡುಗಾರರನ್ನು ಮುಚ್ಚಿಹಾಕುತ್ತೆ, ಸಂಪ್ರದಾಯ ಅಲ್ಲ ಎಂದು ಮೂಗು ಮುರಿದವರಿದ್ದರು. ಮೊದಲ ಎರಡು ದೂರುಗಳಲ್ಲಿ ಹುರುಳಿರಬಹುದು. ಪಕ್ಕವಾದ್ಯ ಹಾಡನ್ನು ನುಂಗಬಾರದು, ಬೇಸ್‌ಗೂ ಇದು ಅನ್ವಯಿಸುತ್ತೆ. ಮೂರನೆಯದು ಮಾತ್ರ ತಮಾಷೆ. ಪಿಟೀಲು ಯುರೋಪಿನ ವಾದ್ಯ. ಬಾಲುಸ್ವಾಮಿ ದೀಕ್ಷಿತರಂಥವರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿ ಆಗ ನೂರು ಚಿಲ್ಲರೆ ವರ್ಷ ಆಗಿತ್ತು, ಅಷ್ಟೇ. ಬಂದ ಹೊಸತರಲ್ಲಿ ನಾಲ್ಕು ತಂತಿಯೇ ಹೊಸತನ, ಐದನೆಯದು ಬಂದಾಗ ಅದೇ ನಾಲ್ಕು ಸನಾತನ. ಸಂಪ್ರದಾಯದ ವಾದ ಬಹಳಷ್ಟು ಸಲ ಹೀಗೇ ಕೆಲಸ ಮಾಡೋದು.

ಆದರೆ ದೊಡ್ಡ ಹಾಡುಗಾರರು ಅವರನ್ನು ಬಿಡಲಿಲ್ಲ. ಚೆಂಬೈ ವೈದ್ಯನಾಥ ಭಾಗವತರ ಕಂಚಿನ ಕಂಠ, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ, ಚೌಡಯ್ಯನವರ ಪಿಟೀಲು, ಈ ಮೂವರ ಜೋಡಣೆ ಆ ಕಾಲದ ಸೂಪರ್ ಗ್ರೂಪ್ ಅನ್ನಬಹುದು. 1939ರಲ್ಲಿ ಮೈಸೂರು ಆಸ್ಥಾನ ವಿದ್ವಾಂಸರಾದರು. ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. 1943ರಲ್ಲಿ ವಾಣಿ ಎಂಬ ಕನ್ನಡ ಸಿನಿಮಾ ನಿರ್ಮಿಸಿದರು, ಪಂಢರಿಬಾಯಿ ಮೊದಲು ತೆರೆಗೆ ಬಂದದ್ದು ಅದರಲ್ಲೇ. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ. ಪಕ್ಕದಲ್ಲಿ ಕೂತವರು ಆ ವರ್ಷ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು.

ಇದೇ ಸಮಸ್ಯೆಗೆ ಅಮೆರಿಕದಲ್ಲಿ ಸಿಕ್ಕ ಉತ್ತರ ಬೇರೆ. ಡ್ಯಾನ್ಸ್ ಬ್ಯಾಂಡುಗಳಲ್ಲಿ ಆಳೆತ್ತರದ ಡಬಲ್ ಬೇಸ್ ಡ್ರಮ್ಸ್ ನಡುವೆ ಮುಳುಗಿಹೋಗುತ್ತಿತ್ತು. ಗಿಟಾರ್ ನುಡಿಸಲು ಬಾರದ ರೇಡಿಯೋ ರಿಪೇರಿಯವ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದ. ಫೆಂಡರ್ ಸದ್ದನ್ನು ಮರದಿಂದ ಬಿಡಿಸಿ ವೈರಿಗೆ ಹಾಕಿದ, ಚೌಡಯ್ಯ ಮರದೊಳಗೇ ಹುಡುಕಿದರು. ಮೈಕ್ ಬಂದ ಮೇಲೆ ಏಳು ತಂತಿ ಹೆಚ್ಚು ಜನರ ಕೈಗೆ ಹೋಗಲಿಲ್ಲ, ಫೆಂಡರ್ ದಾರಿಯೇ ಗೆದ್ದಿತು. ಮೈಕ್ ಬಂದರೂ ಚೌಡಯ್ಯ ಮಾತ್ರ ಏಳರಿಂದ ನಾಲ್ಕಕ್ಕೆ ಹಿಂತಿರುಗಲಿಲ್ಲ. ಅಷ್ಟು ಹೊತ್ತಿಗೆ ಅದು ಉಪಾಯ ಅಲ್ಲ, ಅವರ ದನಿಯೇ ಆಗಿತ್ತು.

ನಮ್ಮ ದುರ್ಗದಲ್ಲಿ ಸಂಗೀತಗಾರ ಅಂದರೆ ಮೊದಲು ನೆನಪಾಗೋದು ತ.ರಾ.ಸು. ಅವರ ಹಂಸಗೀತೆ. ಜಿ.ವಿ. ಅಯ್ಯರ್ 1975ರಲ್ಲಿ ಅದನ್ನು ಸಿನಿಮಾ ಮಾಡಿದರು. ಸುಲ್ತಾನನ ಮುಂದೆ ಹಾಡುವ ಬದಲು ನಾಲಿಗೆ ಕತ್ತರಿಸಿಕೊಂಡ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅದನ್ನು ಓದಿ ಬೆಳೆದ ನಮಗೆ ಕಲಾವಿದನ ಮೌನವೇ ದೊಡ್ಡದು ಅನ್ನಿಸಿಬಿಟ್ಟಿದೆ. ಅಧಿಕಾರದ ಎದುರು ಸುಮ್ಮನಾಗುವುದು ಒಂದು ಬಗೆಯ ಧೈರ್ಯ, ಒಪ್ತೀನಿ. ಆದರೆ ದರ್ಬಾರಿಗೆ ಯಾರೂ ಕರೆಯದ, ಮೂಲೆಯಲ್ಲಿ ನಿಂತ ಹುಡುಗನಿಗೆ ಆ ಕಥೆ ಉಪಯೋಗಕ್ಕೆ ಬರಲ್ಲ. ಅವನ ಮೌನ ಅವನು ಆರಿಸಿಕೊಂಡದ್ದಲ್ಲ, ಮಿಕ್ಸರ್ ಆರಿಸಿದ್ದು. ಅವನಿಗೆ ಬೇಕಾದದ್ದು ಚೌಡಯ್ಯನವರ ಹಠ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರ ಇದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಆಸನಗಳು. ದೂರದಲ್ಲಿ ಕೂತವನಿಗೆ ಕೇಳಿಸಬೇಕು ಅನ್ನೋದನ್ನು ಮನಸ್ಸಲ್ಲಿಟ್ಟು ಕಟ್ಟಿದ ಜಾಗಗಳು ನಮ್ಮ ಜಿಲ್ಲೆಯಲ್ಲೂ ಇವೆ ಅಂತ ಹೇಳಿದೆ ಅಷ್ಟೇ. ನಮ್ಮ ಹೆಚ್ಚಿನ ವೇದಿಕೆಗಳು ಹಾಗಲ್ಲ, ತಗಡಿನ ಚಾವಣಿ, ಎರಡು ಕಂಬ, ಎದೆ ನಡುಗಿಸುವ ಡಿಜೆ ಬಾಕ್ಸ್.

ಚೌಡಯ್ಯ ತೀರಿಕೊಂಡದ್ದು 1967ರ ಜನವರಿಯಲ್ಲಿ. ಬೆಂಗಳೂರಿನ ಮಲ್ಲೇಶ್ವರದ ಕಡೆ ಕೆ.ಕೆ. ಮೂರ್ತಿಯವರ ಪ್ರಯತ್ನದಿಂದ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ತೆರೆಯಿತು. ಕಟ್ಟಡಕ್ಕೆ ಕಮಾನು, ಕುದುರೆ, ಬಿರಟೆ ಎಲ್ಲ ಇವೆ. ಅಲ್ಲಿಗೆ ಹೋಗಲಾಗದಿದ್ದರೆ ಚೆಂಬೈ ಜೊತೆಗಿನ ಅವರ ಹಳೆಯ ಧ್ವನಿಮುದ್ರಿಕೆಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ರೆಕಾರ್ಡಿಂಗ್ ಕರಕರ ಅನ್ನುತ್ತೆ. ಹೆಡ್‌ಫೋನ್ ಹಾಕಿಕೊಂಡು, ಹಾಡು ನಿಲ್ಲಿಸಿ ಪಿಟೀಲು ಒಂಟಿಯಾಗಿ ಹೊರಡುವ ಜಾಗದಲ್ಲಿ ಕೇಳಿ.